ಒಂಟಿಗೈ ಮದ್ದು

ಅಂಕ ಚೆನ್ನಾಗಿ ಬಂತೆಂದು ಇಡೀ ಕಟ್ಟಡಕ್ಕೆ ಮಿರ್ಚಿ ಭಜಿ ತರಿಸಿ ಹಂಚಿದವರನ್ನು ನೀಲಾಂಬಿಕಾ ಇವತ್ತಿಗೂ ಕ್ಷಮಿಸಿಲ್ಲ. ಕ್ಷಮೆ ದೊಡ್ಡ ಗುಣ ಎಂದು ಉಪದೇಶ ಮಾಡುವವರು ಯಾರಾದರೂ ಇದ್ದರೆ ಮೊದಲು ಅವಳ ಮನೆಗೆ ಹೋಗಿ ಅವಳ ಅಕ್ಕ ಶಂಕ್ರವ್ವನ ಅಂಗೈ ನೋಡಿಕೊಂಡು ಬರಲಿ, ಆಮೇಲೆ ಮಾತಾಡೋಣ.

ಗದಗಿನ ಹೊರಗೆ, ಗಾಳಿಯಂತ್ರಗಳು ತಿರುಗುವ ಗುಡ್ಡದ ಬುಡದಲ್ಲಿ, ನರಜೀವ ಸಂಶೋಧನಾಲಯವಿದೆ. ನೀಲಾಂಬಿಕಾ ಅಲ್ಲಿ ಇಪ್ಪತ್ತಾರು ವರ್ಷದಿಂದ ತಂತ್ರಜ್ಞೆ. ಗಾಜಿನ ತಟ್ಟೆಗಳಲ್ಲಿ ನರಕೋಶಗಳನ್ನು ಸಾಕುವುದು ಅವಳ ಕೆಲಸ. ಸಾಕುವುದೆಂದರೆ ಹಸುಗೂಸನ್ನು ಸಾಕಿದ ಹಾಗೆಯೇ. ದಿನ ಬಿಟ್ಟು ದಿನ ಆಹಾರದ ದ್ರವ ಬದಲಿಸಬೇಕು, ಕಾವು ಒಂದು ಡಿಗ್ರಿಯೂ ಏರಬಾರದು, ಇಳಿಯಬಾರದು. ಆ ಕೋಶಗಳಿಗೆ ಅಮಾವಾಸ್ಯೆಯೂ ತಿಳಿಯದು, ಆಯಿತವಾರವೂ ತಿಳಿಯದು. ಅವಳು ಬೆಳೆಸಿದ ಕೋಶಗಳ ಮೇಲೆ ಪ್ರಯೋಗ ಮಾಡಿ ಹನ್ನೊಂದು ಜನ ಡಾಕ್ಟರೇಟ್ ಪಡೆದರು. ಕೈ ಕೆಸರಾದದ್ದು ಅವಳದು, ಬಾಯಿ ಮೊಸರಾದದ್ದು ಬೇರೆಯವರದು. ಅವರ ಪ್ರಬಂಧಗಳ ಕೊನೆಯಲ್ಲಿ, ಯಾರೂ ಓದದ ಜಾಗದಲ್ಲಿ, ತಾಂತ್ರಿಕ ನೆರವು ನೀಡಿದವರಿಗೆ ಕೃತಜ್ಞತೆಗಳು ಎಂಬ ಒಂದು ಸಾಲು ಇರುತ್ತಿತ್ತು. ಆ ಸಾಲಿನಲ್ಲೂ ಅವಳ ಹೆಸರು ಇರುತ್ತಿರಲಿಲ್ಲ.

ಸಂಶೋಧನಾಲಯ ಕಂಡುಹಿಡಿದ ಮದ್ದಿನ ಹೆಸರು ನರರಕ್ಷಾ. ಅದರ ಗುಟ್ಟು ಇಷ್ಟೇ. ಕೈಕಾಲಿನ ಸ್ಪರ್ಶವನ್ನು ಹೊತ್ತು ತರುವ ನರಕೋಶದ ಮೈಮೇಲೆ ಸುದ್ದಿ ಹಿಡಿಯುವ ಗ್ರಾಹಿಗಳಿವೆ. ಅವುಗಳಲ್ಲಿ ಒಂದು ಜಾತಿ ಯಮನ ಕಡೆಯದು. ಅಂಥ ಎರಡು ಗ್ರಾಹಿಗಳು ಒಂದಕ್ಕೊಂದು ಕೂಡಿಕೊಂಡವೆಂದರೆ 'ಇನ್ನು ಸಾಯಿ' ಎಂಬ ಅಪ್ಪಣೆ ಒಳಗೆ ಹೋಗುತ್ತದೆ, ಕೋಶ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಈ ಅಪ್ಪಣೆ ಮತ್ತೆ ಮತ್ತೆ ಹೊರಡುತ್ತದೆ. ಬೆರಳಿಗೆ ಮೊದಲು ಜೋಮು ಹಿಡಿಯುತ್ತದೆ, ಆಮೇಲೆ ಬೆರಳೇ ಮರಗಟ್ಟುತ್ತದೆ. ಆ ಗ್ರಾಹಿಯ ಬಾಯಿ ಮುಚ್ಚಿಸಿದರೆ? ಮುಚ್ಚಿಸಲು ಪ್ರಯೋಗಾಲಯದಲ್ಲಿ ಒಂದು ಪ್ರತಿಕಾಯ, ಅಂದರೆ ಆ್ಯಂಟಿಬಾಡಿ, ತಯಾರಾಯಿತು. ತೊಡಕು ಏನೆಂದರೆ ಪ್ರತಿಕಾಯಕ್ಕೆ ಹುಟ್ಟಿನಿಂದಲೇ ಎರಡು ಕೈ. ಎರಡು ಕೈಯಲ್ಲಿ ಎರಡು ಗ್ರಾಹಿಗಳನ್ನು ಹಿಡಿದು ಅದೇ ಅವುಗಳನ್ನು ಕೂಡಿಸಿಬಿಡುತ್ತದೆ. ಕಾವಲಿಗೆ ಕರೆತಂದವನೇ ಕತ್ತು ಹಿಸುಕಿದ ಹಾಗೆ. ಅದಕ್ಕಾಗಿ ಪಪ್ಪಾಯಿ ಹಾಲಿನಿಂದ ತೆಗೆದ ಕಿಣ್ವ ಬೆರೆಸಿ, ನಾಲ್ಕು ತಾಸು ಕಾವಿನಲ್ಲಿಟ್ಟು, ಪ್ರತಿಕಾಯವನ್ನು ಸೀಳಿ ಕೈಗಳನ್ನು ಬಿಡಿಬಿಡಿಯಾಗಿ ತೆಗೆಯಬೇಕು. ಒಂದೇ ಕೈಯಿರುವ ತುಂಡು ಗ್ರಾಹಿಯ ಬಾಯಿ ಮುಚ್ಚಿ ಸುಮ್ಮನೆ ಕೂರುತ್ತದೆ. ನೀಲಾಂಬಿಕಾ ಅದನ್ನು ಒಂಟಿಗೈ ಎಂದು ಕರೆದಳು, ಸೀಳದೆ ಉಳಿದದ್ದನ್ನು ಜೋಡಿಗೈ ಎಂದಳು. ಲ್ಯಾಬಿನಲ್ಲಿ ಆ ಹೆಸರುಗಳೇ ನಿಂತವು.

ಒಂಟಿಗೈ ಮೊದಲು ಪಡೆದವರಲ್ಲಿ ಶಂಕ್ರವ್ವನೂ ಒಬ್ಬಳು. ಬೆಟಗೇರಿಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವುದು ಅವಳ ಕಸುಬು. ಹದಿನೆಂಟು ವರ್ಷದ ಶುಗರ್ ಅವಳ ಬೆರಳ ತುದಿಗಳ ಸ್ಪರ್ಶವನ್ನು ತಿಂದುಹಾಕಿತ್ತು. ಕೋಶಗಳು ಸೊರಗಿದ್ದವು, ಪೂರ್ತಿ ಸತ್ತಿರಲಿಲ್ಲ. ಹಿಟ್ಟಿನ ಹದ ತಿಳಿಯದೆ ರೊಟ್ಟಿಯ ಅಂಚು ಒಡೆಯತೊಡಗಿದಾಗ ಕಸುಬು ಬಿಟ್ಟು ಮೂಲೆ ಹಿಡಿದಳು. ಗಂಡ ಸತ್ತಾಗ ಕಣ್ಣೀರು ಹಾಕದ ಹೆಂಗಸು ಆಗ ಗೋಡೆಗೆ ಮುಖ ಮಾಡಿ ಅತ್ತಳು. ದಿನಕ್ಕೊಂದರಂತೆ ಆರು ಚುಚ್ಚುಮದ್ದು ಮುಗಿದ ಎರಡು ತಿಂಗಳಿಗೆ ಒಂದು ಮುಂಜಾನೆ ತಂಗಿಗೆ ಫೋನು ಮಾಡಿದಳು.

"ನೀಲಾ, ಹಿಟ್ಟು ಬೆಚ್ಚಗೈತಿ! ಬಿಸಿನೀರು ಹಾಕಿ ನಾದಾಕತ್ತೀನಿ, ಬೆಚ್ಚಗ ಹತ್ತಾಕತ್ತೈತಿ!"

ಅವತ್ತು ನೀಲಾಂಬಿಕಾಳ ತಟ್ಟೆಗಳಿಗೆ ಊಟ ತಡವಾಯಿತು. ಇಪ್ಪತ್ತಾರು ವರ್ಷದಲ್ಲಿ ಅದೊಂದೇ ಸಲ.

ಮದ್ದನ್ನು ವರ್ಷಕ್ಕೊಮ್ಮೆ ಪುನಃ ಚುಚ್ಚಿಸಿಕೊಳ್ಳಬೇಕು. ಎರಡನೆಯ ವರ್ಷದ ಮದ್ದು ಹೊಸ ಕಾರ್ಖಾನೆಯಿಂದ ಬಂತು, ಅದರಲ್ಲಿ ಒಂದೇ ಚುಚ್ಚು ಸಾಕು ಎಂದರು. ಒಂದು ಶುಕ್ರವಾರ ಸಿಬ್ಬಂದಿಯ ಮನೆಯವರೂ ಹಳೆಯ ರೋಗಿಗಳೂ ಸೇರಿ ನೂರಾ ಇಪ್ಪತ್ತು ಜನ ಚುಚ್ಚಿಸಿಕೊಂಡರು. ಹತ್ತು ದಿನ ಬಿಟ್ಟು ಬರುವ ಸೋಮವಾರ ಏಳು ಜಿಲ್ಲೆಗಳ ನಲವತ್ತು ಸಾವಿರ ಜನರಿಗೆ ಅದೇ ಮದ್ದು ಕೊಡುವುದೆಂದು ನಿಗದಿಯಾಗಿತ್ತು.

ಮಂಗಳವಾರ ಮಧ್ಯಾಹ್ನ ನೀಲಾಂಬಿಕಾ ಅಕ್ಕನ ಮನೆಗೆ ಹೋದಾಗ ಶಂಕ್ರವ್ವ ಒಲೆಯ ಮುಂದೆ ಕೂತು ರೊಟ್ಟಿಗೆ ನೀರು ಸವರುತ್ತಿದ್ದಳು. ಮಾತಾಡುತ್ತ ಮಾತಾಡುತ್ತ ರೊಟ್ಟಿ ತಿರುವಿ ಹಾಕಿದಳು, ಹಾಕಿದ ಕೈಯನ್ನು ಹಂಚಿನ ಅಂಚಿನ ಮೇಲೇ ಊರಿದಳು. ಊರಿಕೊಂಡೇ ಪಕ್ಕದ ಮನೆಯ ಸೊಸೆಯ ಸುದ್ದಿ ಮುಂದುವರಿಸಿದಳು. ಚರ್ಮ ಸುಟ್ಟ ವಾಸನೆ ನೀಲಾಂಬಿಕಾಳ ಮೂಗಿಗೆ ಮೊದಲು ಬಡಿಯಿತು.

"ಅಕ್ಕಾ, ಕೈ!"

"ಏನಾತು?"

ನೀಲಾಂಬಿಕಾ ಆ ಕೈಯನ್ನು ಎಳೆದು ತಿರುವಿ ನೋಡಿದಳು. ಅಂಗೈಯ ಬುಡ ಬೆಳ್ಳಗೆ ಬೆಂದಿತ್ತು. ಅದರ ಪಕ್ಕದಲ್ಲೇ ಎರಡು ದಿನದ ಹಳೆಯ ಗುಳ್ಳೆಗಳು.

"ಯಾವಾಗಿಂದ ಹಿಂಗ?"

"ಶನಿವಾರದಿಂದ ಜೋಮು ಹಿಡಿದಂಗ ಆಗಾಕತ್ತಿತ್ತು. ಮದ್ದು ಕೆಲಸ ಮಾಡಾಕತ್ತೈತಿ ಅಂದ್ಕೊಂಡೆ."

"ನನಗ ಯಾಕ ಹೇಳಲಿಲ್ಲ?"

"ನಿಮ್ಮ ಮದ್ದಿಗೆ ನಾ ಹೆಸರಿಡ್ಲೇನು? ಚುಚ್ಚಿಸಿದಾಕಿ ನೀನ," ಎಂದಳು ಶಂಕ್ರವ್ವ. ಬೈಗುಳವಾಗಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು.

ಮರುದಿನ ನೀಲಾಂಬಿಕಾ ಕಾರ್ಖಾನೆಯ ದಾಖಲೆ ತರಿಸಿ ನೋಡಿದಳು. ತಯಾರಿಕೆಯ ಹದಿನಾಲ್ಕು ಹಂತಗಳಲ್ಲಿ ಒಂಬತ್ತನೆಯದಕ್ಕೆ ಕೆಂಪು ಗೆರೆ ಎಳೆದಿತ್ತು. ಒಂಬತ್ತನೆಯದೇ ಪಪ್ಪಾಯಿ ಕಿಣ್ವದಿಂದ ಸೀಳುವ ಹಂತ. ಕೆಳಗೆ ನಿರ್ದೇಶಕ ಡಾ. ಪ್ರಭುಲಿಂಗ ಸೂಡಿಯ ಸಹಿ, ಪಕ್ಕದಲ್ಲಿ ಕಾರಣ: 'ಸೀಳದ ಮಾದರಿಯ ಅಂಟುವ ಶಕ್ತಿ ಹತ್ತು ಪಟ್ಟು ಹೆಚ್ಚು.' ಮಿರ್ಚಿ ತಿಂದದ್ದು ಈ ಹತ್ತು ಪಟ್ಟಿಗೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ಗುಣಮಟ್ಟದ ಪರೀಕ್ಷೆಯಲ್ಲಿ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ, ಮದ್ದು ಗ್ರಾಹಿಗೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂದು. ಅಂಟಿದ ಮೇಲೆ ಏನು ಮಾಡುತ್ತದೆ ಎಂದು ಕೇಳುವ ಪರೀಕ್ಷೆಗೆ ಜೀವಂತ ಕೋಶ ಬೇಕು, ಮೂರು ದಿನ ಬೇಕು. ಯಂತ್ರ ಒಂದು ತಾಸಿನಲ್ಲಿ ಅಂಕ ಕೊಡುತ್ತಿತ್ತು, ಸಾಹೇಬರಿಗೆ ಅಂಕ ಸಾಕಾಗಿತ್ತು.

ಅವಳು ಸೂಡಿಯ ಕೋಣೆಗೆ ನುಗ್ಗಿದಳು. ಇಪ್ಪತ್ತಾರು ವರ್ಷದಲ್ಲಿ ಬಾಗಿಲು ಬಡಿಯದೆ ಒಳಗೆ ಹೋದದ್ದು ಅದೇ ಮೊದಲು.

"ಸರ್, ಒಂಬತ್ತನೇ ಹಂತ ಯಾಕ ತಗದ್ರಿ?"

"ಕೂಡ್ರಿ, ನೀಲಾಂಬಿಕಾ. ಸ್ಕೋರ್ ನೋಡಿದ್ರೇನು? ಹತ್ತು ಪಟ್ಟು!"

"ಎರಡು ಕೈಲೆ ಹಿಡಿದ್ರ ಗಟ್ಟಿ ಹಿಡಿಯೂದ ಅಲ್ರಿ. ಹಿಡಿಯೂದು ಬ್ಯಾರೆ, ಕಾಯೂದು ಬ್ಯಾರೆ. ಜೋಡಿಗೈ ಹಾಕಿದ್ರ ಕೋಶ ಸಾಯ್ತಾವ. ನಮ್ಮ ಅಕ್ಕನ ಕೈ ಹಂಚಿನ ಮ್ಯಾಲ ಸುಟ್ರೂ ಆಕಿಗೆ ಗೊತ್ತಾಗಲಿಲ್ರಿ. ಹನ್ನೊಂದು ವರ್ಷದ ಹಿಂದ ನಾನ ಮಾಡಿ ತೋರಿಸಿದ್ದೆ ನಿಮಗ. ಹತ್ತು ದಿನದೊಳಗ ಒಂಟಿಗೈ ಹಾಕಿದ್ರ ಬದುಕ್ತಾವ, ಹನ್ನೊಂದನೇ ದಿನ ಹಾಕಿದ್ರ ಇಲ್ಲ ಅಂತನೂ ಬರದಿದ್ದೆ."

"ಯಾವ ಪೇಪರಿನ್ಯಾಗ ಐತಿ ಅದು?"

"ನನ್ನ ನೋಟ್‌ಬುಕ್ಕಿನ್ಯಾಗ ಐತ್ರಿ. ಸತ್ತ ತಟ್ಟಿ ಪೇಪರಿಗೆ ಬ್ಯಾಡ ಅಂದಾವ್ರು ನೀವ."

ಸೂಡಿ ಕನ್ನಡಕ ತೆಗೆದು ಒರೆಸಿಕೊಂಡ. "ನೋಡ್ರಿ, ಅವತ್ತು ನಿಮ್ಮ ಕೈ ತಪ್ಪಿರಬೇಕು. ಕಾವು ಹೆಚ್ಚುಕಮ್ಮಿ ಆಗಿರಬೇಕು. ಈಗ ನಿಮ್ಮ ಅಕ್ಕಾರ ಕೈ ಸುಟ್ಟೈತಿ ಅಂತ ನಿಮಗ ಸಂಕಟ, ನನಗ ಅರ್ಥ ಆಗ್ತೈತಿ. ಆದ್ರ ಒಬ್ರ ಕೈ ಸುಟ್ರ ಅದು ಡೇಟಾ ಅಲ್ಲ."

ನೀಲಾಂಬಿಕಾಳ ಮೈಯೆಲ್ಲ ಉರಿದುಹೋಯಿತು. ಕೈ ತಪ್ಪಿತಂತೆ! ಹನ್ನೊಂದು ಜನಕ್ಕೆ ಡಾಕ್ಟರ್ ಪದವಿ ತಂದುಕೊಟ್ಟ ಕೈ ಅದು. ಪ್ರಯೋಗ ಗೆದ್ದರೆ ಅದು ಅವರ ತಲೆ, ಸೋತರೆ ಅದು ಇವಳ ಕೈ. ಅವನ ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟನ್ನು ಎತ್ತಿ ಅವನ ಆ ಹತ್ತು ಪಟ್ಟಿನ ಮೇಲೆ ಕುಕ್ಕಬೇಕು ಅನ್ನಿಸಿತು. ಕುಕ್ಕಲಿಲ್ಲ. ತನ್ನ ಕೋಣೆಗೆ ಹೋಗಿ ಹನ್ನೆರಡು ತಟ್ಟೆ ಹೊರತೆಗೆದಳು.

ಆರು ತಟ್ಟೆಗೆ ಹೊಸ ಮದ್ದು ಹಾಗೆಯೇ ಹಾಕಿದಳು. ಅದೇ ಮದ್ದಿನ ಒಂದು ತೊಟ್ಟನ್ನು ಪಪ್ಪಾಯಿ ಕಿಣ್ವದಿಂದ ಸೀಳಿ ಉಳಿದ ಆರಕ್ಕೆ ಹಾಕಿದಳು. ತಟ್ಟೆಗೆ ತೊಟ್ಟು ಸಾಕು. ಮನುಷ್ಯರಿಗೆ ಕೊಡುವಷ್ಟು ಶುದ್ಧವಾಗಿ ತಯಾರಿಸಲು ಮೂರು ವಾರ ಬೇಕು, ಅಷ್ಟು ಪುರಸೊತ್ತು ಅಕ್ಕನ ಬೆರಳಿಗಿರಲಿಲ್ಲ. ಆದರೆ ಅವಳ ವಶದಲ್ಲಿದ್ದ ಶೀತಪೆಟ್ಟಿಗೆಯಲ್ಲಿ ಮೊದಲ ವರ್ಷದ ಅಸಲಿ ಒಂಟಿಗೈಯ ಆರು ಸೀಸೆ ಉಳಿದಿದ್ದವು. ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆಂದು ಎತ್ತಿಟ್ಟ ಮಾದರಿ ಅದು. ಆರು ಸೀಸೆ, ಆರು ದಿನ, ಒಬ್ಬಳ ಕೈ.

ಬುಧವಾರವೇ ಅವನ್ನು ಒಯ್ದು ಅಕ್ಕನಿಗೆ ಚುಚ್ಚಬಹುದಿತ್ತು. ಒಯ್ಯಲಿಲ್ಲ. ಹೋಲಿಸಿ ನೋಡದೆ ಏನನ್ನೂ ನಂಬಬಾರದು ಎಂಬುದು ಅವಳ ಕಸುಬು ಕಲಿಸಿದ ಪಾಠ, ಆ ಪಾಠವನ್ನು ಅವಳು ಒಡಹುಟ್ಟಿದವಳ ಮೇಲೂ ಪ್ರಯೋಗಿಸಿದಳು. ತಟ್ಟೆ ಮಾತಾಡಲಿ ಎಂದು ಮೂರು ದಿನ ಕಾದಳು.

ಶನಿವಾರ ಬೆಳಿಗ್ಗೆ ತಟ್ಟೆ ಮಾತಾಡಿತು. ಸೀಳಿದ ಮದ್ದು ಬಿದ್ದ ಕೋಶಗಳು ಉದ್ದುದ್ದ ಎಳೆ ಚಾಚಿ ಸೊಗಸಾಗಿ ಕೂತಿದ್ದವು. ಸೀಳದ ಮದ್ದು ಬಿದ್ದ ಆರೂ ತಟ್ಟೆಗಳಲ್ಲಿ ಎಳೆಗಳು ಮುದುಡಿ ತುಂಡಾಗಿದ್ದವು. ಅವಳು ಚಿತ್ರ ತೆಗೆದಳು, ಹಳೆಯ ನೋಟ್‌ಬುಕ್ಕಿನ ಪುಟಗಳನ್ನೂ ಕೆಂಪು ಗೆರೆಯ ದಾಖಲೆಯನ್ನೂ ಜೋಡಿಸಿದಳು, ಸೂಡಿಯನ್ನು ಕೇಳದೆ ಔಷಧಿ ತಜ್ಞರ ಸಮಿತಿಗೆ ಕಳಿಸಿದಳು. ಒಂದು ತಾಸಿನೊಳಗೆ ಅಧ್ಯಕ್ಷೆ ಡಾ. ವತ್ಸಲಾ ಹೆಬ್ಬಾರ್ ತಾವೇ ಫೋನು ಮಾಡಿದರು. ನಾಳೆ ಮಧ್ಯಾಹ್ನ ಬರುತ್ತೇವೆ ಎಂದರು.

ಅವತ್ತು ಸಂಜೆ ಅವಳು ಅಕ್ಕನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಶಂಕ್ರವ್ವನ ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಬೆರಳುಗಳ ಅರಿವು ಪೂರ್ತಿ ಹೋಗಿತ್ತು, ಮಣಿಕಟ್ಟಿನವರೆಗೆ ಜೋಮು ಏರಿತ್ತು.

"ಹಂಗಾರ ಹಳೇ ಮದ್ದು ಐತಿ," ಎಂದಳು ಶಂಕ್ರವ್ವ.

"ಆರು ಸೀಸೆ ಅದಾವ. ಸೋಮವಾರದೊಳಗ ಶುರು ಮಾಡಬೇಕು."

"ಮತ್ತ ತರದ ಯಾಕ ಬಂದಿ?"

"ಅಕ್ಕಾ, ನಾಳೆ ಸಮಿತಿಯವ್ರು ಬರ್ತಾರ. ಅವ್ರು ಅದನ್ನ ಕೇಳಿದ್ರ..."

"ನನಗ ಬೇಕು ಅದು." ಶಂಕ್ರವ್ವ ದನಿ ಏರಿಸಲಿಲ್ಲ. "ನೀ ನನ್ನ ಬಾಯಿಲೆ, ಹೋಗ್ಲಿ ಬಿಡು ತಂಗಿ, ಊರು ಉಳೀಲಿ ಅಂತ ಅನಸಬ್ಯಾಡ. ನಾ ಅನ್ನಂಗಿಲ್ಲ. ನಾ ಅಷ್ಟು ದೊಡ್ಡಾಕಿ ಅಲ್ಲ. ಕೈ ಇಲ್ಲಂದ್ರ ನಾ ಏನು? ನಿನ್ನ ಮನ್ಯಾಗ ಕೂತು ಎರಡು ಹೊತ್ತು ಉಣಬೇಕು, ಅಷ್ಟ ಹೌದಲ್ಲೋ? ತುತ್ತು ಸೈತ ನೀನ ಬಾಯಾಗ ಇಡಬೇಕು. ನನಗ ಬ್ಯಾಡ ಆ ಬಾಳೆ. ನನ್ನ ಕೈ ನನಗ ಕೊಡು."

"ನಾಳೆ ಮುಂಜಾನೆ ತರ್ತೀನಿ."

"ಆಣಿ ಮಾಡು."

ನೀಲಾಂಬಿಕಾ ಆಣೆ ಮಾಡಿದಳು.

ಭಾನುವಾರ ಬೆಳಿಗ್ಗೆ ಸೀಸೆ ತರಲು ಲ್ಯಾಬಿಗೆ ಹೋದರೆ ಅಂಗಳದಲ್ಲಿ ಆಗಲೇ ಸಮಿತಿಯ ಕಾರು ನಿಂತಿತ್ತು. ಮಧ್ಯಾಹ್ನದವರು ಮುಂಜಾನೆಯೇ ಬಂದಿದ್ದರು. ಸೂಡಿ ಸಭೆಯ ಕೋಣೆಯಲ್ಲಿ ಅಷ್ಟರಲ್ಲೇ ಪಾಠ ಒಪ್ಪಿಸಿ ಮುಗಿಸಿದ್ದ. ತಟ್ಟೆಯಲ್ಲಿ ಇವರು ಹೋಲಿಸಿರುವುದು ತಾವೇ ಕೈಯಿಂದ ಸೀಳಿದ್ದರ ಜೊತೆ, ಅಸಲಿ ಮೊದಲ ಮದ್ದಿನ ಜೊತೆ ಅಲ್ಲ, ಅಸಲಿಯೊಂದಿಗೆ ಹೋಲಿಸದೆ ನಲವತ್ತು ಸಾವಿರ ಜನರ ಕಾರ್ಯಕ್ರಮ ನಿಲ್ಲಿಸುವುದು ಹೇಗೆ ಎಂದಿದ್ದ.

ಡಾ. ಹೆಬ್ಬಾರ್ ನೀಲಾಂಬಿಕಾಳ ಕಡೆ ತಿರುಗಿದರು. "ಮೊದಲ ಮದ್ದಿನ ಮಾದರಿ ಇದೆಯಾ ನಿಮ್ಮ ಹತ್ತಿರ?"

ಇಲ್ಲ ಅಂದುಬಿಡಬಹುದಿತ್ತು. ಒಂದು ಕ್ಷಣ ಅಂದೇಬಿಡುವವಳಿದ್ದಳು.

"ಅದಾವ್ರಿ. ಆರು ಸೀಸೆ. ಆದ್ರ ಅವು ನಮ್ಮ ಅಕ್ಕಗ ಬೇಕ್ರಿ, ಮೇಡಮ್. ನಾಳೆಗೆ ಹತ್ತನೇ ದಿನ. ನೀವು ಒಂದು ತೊಗೊಂಡು..."

"ಸೆಟ್ಟಿನಿಂದ ಒಂದು ಬಿಡಿಸಿದರೂ ಅದು ಹೋಲಿಕೆಗೆ ಪ್ರಮಾಣಿತ ಮಾದರಿ ಆಗೋದಿಲ್ಲಮ್ಮ. ಪೂರ್ತಿ ಸೆಟ್ಟು, ಮೊಹರಿನ ಸಮೇತ ಬೇಕು. ನಿಮ್ಮ ಕಷ್ಟ ಗೊತ್ತಾಗುತ್ತೆ. ಆದರೆ ಅದಿಲ್ಲದೆ ನಾಳೆಯ ಕಾರ್ಯಕ್ರಮ ನಿಲ್ಲಿಸಿದರೆ ನನ್ನ ಆದೇಶ ಒಂದು ದಿನವೂ ನಿಲ್ಲಲ್ಲ."

ನೀಲಾಂಬಿಕಾ ಶೀತಪೆಟ್ಟಿಗೆಯ ಮುಂದೆ ಎಷ್ಟು ಹೊತ್ತು ನಿಂತಳೋ ಅವಳಿಗೇ ನೆನಪಿಲ್ಲ. ಆರು ಸೀಸೆಗಳ ಡಬ್ಬಿ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಹಿಡಿದರೆ ಕೈ ಕೊರೆಯುವಷ್ಟು ತಣ್ಣಗೆ. ನಲವತ್ತು ಸಾವಿರ ಜನರ ಮುಖ ಅವಳಿಗೆ ಕಾಣಲಿಲ್ಲ. ಅಕ್ಕನ ಮುಖವೊಂದೇ ಕಂಡಿತು. ಆದರೂ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಅವರು ಅದರ ಮೇಲೆ ಅರಗಿನ ಮೊಹರು ಹಾಕಿಕೊಂಡು ಒಯ್ದರು.

ಕಾರ್ಯಕ್ರಮ ನಿಂತಿತು. ಸೋಮವಾರ ನಲವತ್ತು ಸಾವಿರ ಜನ ಬೈದುಕೊಂಡು ಆಸ್ಪತ್ರೆಗಳಿಂದ ಮರಳಿದರು, ಬೆರಳುಗಳನ್ನು ಉಳಿಸಿಕೊಂಡು ಮರಳುತ್ತಿದ್ದೇವೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಬುಧವಾರ ಸೂಡಿ ಟಿವಿಯಲ್ಲಿ ಕಾಣಿಸಿಕೊಂಡು, ನಮ್ಮ ಗುಣಮಟ್ಟದ ವ್ಯವಸ್ಥೆ ಎಷ್ಟು ಎಚ್ಚರವಾಗಿದೆ ಎಂಬುದಕ್ಕೆ ಇದೇ ಸಾಕ್ಷಿ ಎಂದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದಲ್ಲದೆ, ಹಾಕಿದವನು ನಾನೇ ಎಂದು ಬೆನ್ನು ತಟ್ಟಿಕೊಂಡ. ನೂರಾ ಇಪ್ಪತ್ತು ಜನರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಯ ಕೈಕಾಲು ಮರಗಟ್ಟಿದ ಮಾತು ಆ ಸಂದರ್ಶನದಲ್ಲಿ ಬರಲಿಲ್ಲ.

ಶಂಕ್ರವ್ವ ತಂಗಿಯ ಜೊತೆ ಮಾತು ಬಿಟ್ಟಳು. ಬೈಯಲಿಲ್ಲ, ಶಪಿಸಲಿಲ್ಲ. ನೀಲಾಂಬಿಕಾ ಅವಳನ್ನು ತನ್ನ ಮನೆಗೆ ಕರೆತಂದಳು, ಮೂರು ಹೊತ್ತು ತುತ್ತು ಕಲಸಿ ಉಣಿಸಿದಳು. ಅಕ್ಕ ಬಾಯಿ ತೆರೆದಳು, ಅಗಿದಳು, ನುಂಗಿದಳು. ಕಣ್ಣು ಗೋಡೆಯ ಮೇಲೆ. ಬೈದಿದ್ದರೆ ಒಳ್ಳೆಯದಿತ್ತು ಎಂದು ನೀಲಾಂಬಿಕಾ ದಿನಕ್ಕೆ ಹತ್ತು ಸಲ ಅಂದುಕೊಂಡಳು. ನಲವತ್ತು ಸಾವಿರ, ನಲವತ್ತು ಸಾವಿರ ಎಂದು ಮನಸ್ಸಿನಲ್ಲೇ ಜಪಿಸುತ್ತಿದ್ದಳು. ಅದೊಂದೇ ಅವಳಿಗೆ ಹಿಡಿದುಕೊಳ್ಳಲು ಉಳಿದದ್ದು.

ಐದು ವಾರದ ಮೇಲೆ ಸಮಿತಿಯ ಕಚೇರಿಯಿಂದ ಲ್ಯಾಬಿಗೆ ಒಂದು ಪೊಟ್ಟಣ ಬಂತು. ಬಿಚ್ಚಿದರೆ ಒಳಗೆ ಅದೇ ಡಬ್ಬಿ, ಅದರ ಮೇಲೆ ಅದೇ ಅರಗಿನ ಮೊಹರು. ಒಂದು ಬಿರುಕೂ ಇರಲಿಲ್ಲ. ಜೊತೆಗೊಂದು ಪತ್ರವಿತ್ತು. 'ತಾವು ಒದಗಿಸಿದ ನೋಟ್‌ಬುಕ್ ಹಾಗೂ ಕಾರ್ಖಾನೆಯ ದಾಖಲೆಗಳ ಆಧಾರದ ಮೇಲೆಯೇ ನಿರ್ಣಯ ಕೈಗೊಂಡಿರುವುದರಿಂದ ಸದರಿ ಮಾದರಿಯನ್ನು ತೆರೆಯುವ ಅಗತ್ಯ ಬಿದ್ದಿಲ್ಲ. ಹಿಂದಿರುಗಿಸಲಾಗಿದೆ.'

ನೀಲಾಂಬಿಕಾ ಪತ್ರವನ್ನು ಮೂರು ಸಲ ಓದಿದಳು. ಆಮೇಲೆ ಡಾ. ಹೆಬ್ಬಾರರಿಗೆ ಫೋನು ಮಾಡಿದಳು.

"ತೆರೀಲಿಲ್ಲೇನ್ರಿ ನೀವು?"

"ಅಷ್ಟು ಸ್ಪಷ್ಟವಾಗಿತ್ತಮ್ಮ ನಿಮ್ಮ ನೋಟ್‌ಬುಕ್ಕು. ಅದನ್ನ ಓದಿದ ಮೇಲೆ ಸೂಡಿಯವರ ಹತ್ತಿರ ಮಾತೇ ಇರಲಿಲ್ಲ. ನಿಮ್ಮನ್ನ ಹೊಗಳಿ ವರದಿಯಲ್ಲಿ ಬರೆದಿದ್ದೀನಿ."

"ಯಾವತ್ತು ಓದಿದ್ರಿ?"

"ಶನಿವಾರ ಚಿತ್ರಗಳನ್ನಷ್ಟೇ ನೋಡಿದ್ದೆ. ನೋಟ್‌ಬುಕ್ಕು ಓದಿದ್ದು ಭಾನುವಾರವೇ. ಕಾರಿನಲ್ಲಿ, ವಾಪಸ್ ಹೋಗುವಾಗ."

"ಕಾರು ತಿರುಗಿಸಬೇಕಿತ್ರಿ!" ನೀಲಾಂಬಿಕಾ ಕಿರುಚಿದ್ದು ಕಟ್ಟಡದ ಮೂರು ಮಹಡಿಗೂ ಕೇಳಿಸಿತು. "ಒಂದು ಫೋನ್ ಮಾಡಬೇಕಿತ್ತು! ನಾ ನಡಕೊಂತ ಬಂದು ಒಯ್ತಿದ್ನಲ್ರಿ! ನಿಮಗ ಹೊಗಳಾಕ ನೆನಪಾತು, ಇದು ಆಗಲಿಲ್ಲೇನು? ಆಕಿ ಕೈ ಡಬ್ಬ್ಯಾಗ ಇಟ್ಕೊಂಡು ಮನಿಗೆ ಹೋದ್ರಲ್ಲ ನೀವು!"

ಆ ಕಡೆಯಿಂದ ನಿಯಮ ಎಂಬ ಮಾತು ಬಂತು. ಅವಳು ಫೋನು ಕುಕ್ಕಿದಳು.

ಮನೆಗೆ ಬಂದು ಡಬ್ಬಿಯನ್ನು ಅಕ್ಕನ ಮುಂದೆ ಇಟ್ಟಳು. ಮುಚ್ಚಿಡಬಹುದಿತ್ತು, ಮುಚ್ಚಿಡಲು ಅವಳಿಗೆ ಮನಸ್ಸು ಬರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದಳು. ನೋಟ್‌ಬುಕ್ಕಷ್ಟೇ ಸಾಕಾಗಿತ್ತು, ಸೀಸೆ ಯಾರಿಗೂ ಬೇಕಾಗಲಿಲ್ಲ, ಭಾನುವಾರ ಸಂಜೆಗೇ ಅದು ಅವರಿಗೆ ಗೊತ್ತಿತ್ತು ಎಂದಳು. ನಾನು ಕೊಡದೆ ಇದ್ದಿದ್ದರೂ ನಡೆಯುತ್ತಿತ್ತು ಎಂದೂ ಹೇಳಿದಳು.

ಶಂಕ್ರವ್ವ ಬಹಳ ಹೊತ್ತು ಆ ಡಬ್ಬಿಯನ್ನೇ ನೋಡಿದಳು. ಆಮೇಲೆ ಐದು ವಾರದಲ್ಲಿ ಮೊದಲ ಸಲ ತಂಗಿಯ ಮುಖ ನೋಡಿದಳು. ಎಡಗೈ ಚಾಚಿ ತೋಳಿನ ಮೇಲಿನ ಸೀರೆ ಸೆರಗನ್ನು ಹಲ್ಲಿನಿಂದ ಸರಿಸಿಕೊಂಡಳು.

"ಚುಚ್ಚು," ಎಂದಳು.

"ಈಗ ಉಪಯೋಗಿಲ್ಲ ಅಕ್ಕಾ. ನರ ಸತ್ತಾವು."

"ಗೊತ್ತೈತಿ. ಆರೂ ಚುಚ್ಚು, ದಿನಕ್ಕೊಂದು, ಆರು ದಿನ. ನನಗೇನು ನೋಯಂಗಿಲ್ಲ." ಶಂಕ್ರವ್ವ ಕೈಯನ್ನು ಇನ್ನಷ್ಟು ಮುಂದೆ ಚಾಚಿದಳು. "ನಿನಗ ನೋಯ್ಲಿ."

ನೀಲಾಂಬಿಕಾ ಮೊಹರು ಒಡೆದು ಮೊದಲನೆಯ ಸೀಸೆ ತೆಗೆದಳು.